ಕೂಡ್ಲಿಗಿಯ ಕಟ್ಟೆಯ ಮೇಲೆ ನಾನು ತಿದ್ದಿದ ಕೊನೆಯ ಅಧ್ಯಾಯ

ಕೂಡ್ಲಿಗಿಗೆ ಬಂದ ಹನ್ನೊಂದನೆಯ ದಿನ ನಾನು ಬಾಡಿಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕಾದಂಬರಿಯೊಂದನ್ನು ಹಿಡಿದು ಕೂತಿದ್ದೆ. ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಪಕ್ಕದ ಮನೆಯ ಓಬಮ್ಮ ಎಂಬವರು ಮೊರದ ತುಂಬ ಶೇಂಗಾ ಹಾಕಿಕೊಂಡು ಬಿತ್ತನೆಗೆ ಬೀಜ ಸುಲಿಯುತ್ತಿದ್ದರು. ಶೇಂಗಾ ಎಂದರೆ ನಮ್ಮ ಕಡಲೇಕಾಯಿ. ಅರ್ಧ ಗಂಟೆ ನನ್ನನ್ನು ಓರೆಗಣ್ಣಿನಲ್ಲಿ ನೋಡಿದ ಮೇಲೆ ಅವರು ಸುಲಿಯುವುದನ್ನು ನಿಲ್ಲಿಸಿ ಕೇಳಿದರು:

“ಅಲ್ರಿ ಅಣ್ಣಾರ, ನಾವು ಇಲ್ಲೇ ಕುಂತೀವಿ. ನೀವೊಬ್ರೇ ಓದಾಕತ್ತೀರಲ್ಲ?”

ನನ್ನಿಂದ ಯಾವ ಅಪರಾಧವಾಯಿತೆಂದು ತಿಳಿಯಲಿಲ್ಲ. “ಓದೋದು ಒಬ್ಬರೇ ಅಲ್ಲವೇನಮ್ಮ?” ಎಂದೆ.

“ಉಣ್ಣಾದೂ ಒಬ್ರ ಬಾಯಾಗೇ ಹೋಗ್ತೈತಿ. ಆದ್ರೂ ಎದುರಿಗಿದ್ದೋರ್ನ ಬರ್ರಿ ಉಣ್ಣಾನ ಅಂತೀವಲ್ಲ?”

ಮಹಾಶಯರೇ, ಮೈಸೂರಿನಲ್ಲಿ ಒಬ್ಬನು ಪುಸ್ತಕ ಹಿಡಿದರೆ ಮನೆಯವರು ಹೆಜ್ಜೆಯ ಸದ್ದು ತಗ್ಗಿಸುತ್ತಾರೆ. ಕಾಫಿ ಲೋಟವನ್ನು ದೇವರ ಮುಂದಿಟ್ಟಂತೆ ಇಟ್ಟು ಹಿಂದೆ ಸರಿಯುತ್ತಾರೆ. ಮೂವತ್ತು ವರ್ಷ ಆ ಮರ್ಯಾದೆಯನ್ನು ಅನುಭವಿಸಿದವನಿಗೆ, ಹತ್ತು ಜನರೆದುರು ಮೌನವಾಗಿ ಓದುವುದು ಹತ್ತು ಜನರೆದುರು ಒಬ್ಬನೇ ಹೋಳಿಗೆ ತಿಂದಷ್ಟೇ ಅಸಭ್ಯವೆಂಬ ಊರೊಂದು ಇದೆಯೆಂದು ಗೊತ್ತಿರಲಿಲ್ಲ. ನಾಚಿಕೆಯಾಗಿ ಮೊದಲ ಪುಟಕ್ಕೆ ಹಿಂದಿರುಗಿ ಗಟ್ಟಿಯಾಗಿ ಓದತೊಡಗಿದೆ. ಹಾಗೆ ಓದಿದ್ದರಿಂದ ಆದದ್ದನ್ನು ಬರೆಯಲು ಈ ಕಾಗದ. ನಮ್ಮ ಶನಿವಾರದ ಕೂಟಕ್ಕೆ ‘ಇತ್ತೀಚೆಗೆ ಓದಿದ ಕಾದಂಬರಿಯ ಬಗ್ಗೆ ಅನಿಸಿಕೆ’ ಕಳಿಸಬೇಕೆಂದು ನೀವು ಮೂರು ಸಲ ನೆನಪಿಸಿದ್ದೀರಿ. ಅನಿಸಿಕೆ ಇದೆ. ಅದು ಒಂದೂವರೆ ಪುಟದಲ್ಲಿ ಮುಗಿಯುವ ಜಾತಿಯದ್ದಲ್ಲ.

ನಾನು ಇಲ್ಲಿಗೆ ಬಂದ ಬಗೆ ನಿಮಗೆ ಗೊತ್ತೇ ಇದೆ. ಘನ ಸರ್ಕಾರವು ನನ್ನ ಧರ್ಮಪತ್ನಿ ಸರೋಜಳಿಗೆ ನಿವೃತ್ತಿಗೆ ಒಂದು ವರ್ಷವಿರುವಾಗ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿಯನ್ನು ದಯಪಾಲಿಸಿ, ಗುಡೇಕೋಟೆಯ ದಿಕ್ಕಿನ ಒಂದು ಪ್ರೌಢಶಾಲೆಯನ್ನು ತೋರಿಸಿತು. ಗಂಡ ಹೋದಲ್ಲಿಗೆ ಹೆಂಡತಿ ಗಂಟು ಕಟ್ಟಿಕೊಂಡು ಹೋಗುವ ಸನಾತನ ಪದ್ಧತಿಯನ್ನು ತಿರುವುಮುರುವು ಮಾಡಿ ನಾನು ಗಂಟು ಕಟ್ಟಿದೆ. ನನ್ನ ಕರಡು ತಿದ್ದುವ ಕೆಲಸ ಆಗಲೇ ಮುಗಿದಿತ್ತು. ಮುದ್ರಣಾಲಯದವರು ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟು, ಇನ್ನು ಬರಬೇಡಿ ಎಂಬುದನ್ನು ಗೌರವಪೂರ್ವಕವಾಗಿ ಸೂಚಿಸಿದ್ದರು.

ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ನಿಮ್ಮ ಜಾತಿ, ಊಟ, ಮುಂಗಡ ಕೇಳುತ್ತಾರೆ. ಇಲ್ಲಿ ನಮ್ಮ ಮನೆಯ ಮಾಲೀಕರಾದ ಕಾಸಿಂ ಸಾಬರು ಕೇಳಿದ ಪ್ರಶ್ನೆ ಒಂದೇ: “ನಿಮಗ ಸಪ್ಪಳ ಆಗ್ತೈತೇನ್ರಿ?” ಅವರು ಬೋರ್‌ವೆಲ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಮೆಕ್ಯಾನಿಕ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ನಿವೃತ್ತನಾದ ನನಗೆ ಸಪ್ಪಳದಿಂದ ಆಗಬೇಕಾದ ನಷ್ಟವೇನೂ ಇರಲಿಲ್ಲ. ಒಪ್ಪಿದೆ.

ಭಾಷೆ ಕಲಿಯಬೇಕಾಯಿತು. ಕನ್ನಡದಿಂದ ಕನ್ನಡಕ್ಕೆ ಹೋಗುವುದು ಸುಲಭವೆಂದು ತಿಳಿದವರು ಒಮ್ಮೆ ಇಲ್ಲಿನ ಸಂತೆಗೆ ಬರಬೇಕು. ಪಲ್ಯೆ ಎಂದರೆ ಸೊಪ್ಪು. ಮಂಡಕ್ಕಿ ಎಂದರೆ ನಮ್ಮ ಕಡ್ಲೆಪುರಿ. ಅದನ್ನು ನೆನೆಸಿ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಬಾಡಿಸಿ ‘ಒಗ್ಗರಣಿ’ ಎಂದು ತಟ್ಟೆಯಲ್ಲಿ ಕೊಡುತ್ತಾರೆ, ಜೊತೆಗೊಂದು ಮೆಣಸಿನಕಾಯಿ ಬಜ್ಜಿ. ಮೊದಲ ಸಲ ಹೋಟೆಲಿನವನು “ಒಗ್ಗರಣಿ ಕೊಡ್ಲೇನ್ರಿ” ಎಂದಾಗ, ಯಾವುದಕ್ಕೆ ಒಗ್ಗರಣೆ ಎಂದು ಕೇಳಿ ನಾಲ್ಕು ಟೇಬಲ್ಲಿನವರಿಗೆ ಉಚಿತ ಮನರಂಜನೆ ಒದಗಿಸಿದೆ. ಜೋಳದ ರೊಟ್ಟಿಯನ್ನು ಮುರಿಯುವ ವಿದ್ಯೆ ಎರಡು ತಿಂಗಳಿಗೆ ಬಂತು. ಮೈಸೂರಿನಲ್ಲಿ ಮೂರು ದಶಕ ನನಗೊಂದು ಹೆಸರಿತ್ತು. ಇಲ್ಲಿ ನಾನು ‘ಮೇಡಮ್ಮಾರ ಮನ್ಯಾರು’, ಮೇಡಮ್ಮನವರ ಮನೆಯವರು. ಸರೋಜ ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಬರುವುದು ಸಂಜೆ ಆರಕ್ಕೆ. ನಡುವಿನ ಹೊತ್ತಿನಲ್ಲಿ ಮೈಸೂರಿನ ಗಡಿಯಾರವನ್ನು ನೋಡಿಕೊಂಡು ಕೂರುವುದು ನನ್ನ ಉದ್ಯೋಗ. ಆ ಗಡಿಯಾರ ಇಲ್ಲಿಯೂ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು ಎಂಬುದೇ ನನಗೆ ಬೇಸರ.

ಹೀಗಿರುವಾಗ ಆ ಕಟ್ಟೆಯ ಓದು ಶುರುವಾದದ್ದು. ಒಂದು ತಪ್ಪೊಪ್ಪಿಗೆ ಇಲ್ಲಿಯೇ ಆಗಿಬಿಡಲಿ. ಮೂವತ್ತೆರಡು ವರ್ಷ ಕರಡು ತಿದ್ದಿದ ನನ್ನ ಕಣ್ಣ ಮುಂದೆ ಒಂದು ಗ್ರಂಥಾಲಯವೇ ಹಾದುಹೋಗಿದೆ, ತಲೆಗೆ ಒಂದು ಕಪಾಟೂ ಇಳಿದಿಲ್ಲ. ನಾಯಕಿ ಬಾವಿಗೆ ಹಾರಿದಳೋ ಬಸ್ಸು ಹತ್ತಿದಳೋ ನಾನು ನೋಡಿದವನಲ್ಲ. ವಾಕ್ಯದ ಕೊನೆಗೆ ಚುಕ್ಕೆ ಬಿದ್ದಿದೆಯೇ ಎಂದು ನೋಡಿದವನು. ನನಗಿದ್ದ ಹೆಮ್ಮೆ ಒಂದೇ. ಅಷ್ಟು ವರ್ಷದಲ್ಲಿ ಯಾವ ಲೇಖಕರ ಒಂದು ಮಾತನ್ನೂ ನನ್ನಿಷ್ಟಕ್ಕೆ ಬದಲಿಸಿರಲಿಲ್ಲ. ನೀವೆಲ್ಲ ಸೇರಿ ನಿವೃತ್ತಿಯ ದಿನ ಕೊಟ್ಟ ಹತ್ತು ಕಾದಂಬರಿಗಳೇ ನಾನು ಕಥೆಗೋಸ್ಕರ ಓದಿದ ಮೊದಲ ಕಾದಂಬರಿಗಳು. ಅರವತ್ತನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸ.

ಮೊದಲು ಓದಿದ್ದು ಬದುಕಿನಲ್ಲಿ ಅರ್ಥ ಕಾಣದ ಪ್ರೊಫೆಸರನೊಬ್ಬನ ಕಥೆ. ನಮ್ಮ ಕೂಟದಲ್ಲಿ ಅದನ್ನು ‘ಆಧುನಿಕ ಮನುಷ್ಯನ ಒಳಗಿನ ಶೂನ್ಯ’ ಎಂದು ಹೊಗಳಿದ್ದು ನೆನಪಿದೆ. ಕಟ್ಟೆಯ ಸಭೆಯಲ್ಲಿ ಸದಸ್ಯರು ಇಬ್ಬರೇ. ಶೇಂಗಾ ಸುಲಿಯುವ ಓಬಮ್ಮ, ತಂತಿ ಸುತ್ತುವ ಕಾಸಿಂ ಸಾಬರು. ಕೈಗೆ ಕೆಲಸವಿದ್ದು ಕಿವಿ ಖಾಲಿ ಇದ್ದವರು. ಓದುವಾಗ ವಾಕ್ಯಕ್ಕೊಮ್ಮೆ ಓಬಮ್ಮ ‘ಹ್ಞೂಂ’ ಎನ್ನಬೇಕು. ಎನ್ನದಿದ್ದರೆ ಆ ವಾಕ್ಯ ಅವರಿಗೆ ಸಂದಿಲ್ಲವೆಂದು ಅರ್ಥ, ಮತ್ತೆ ಓದಬೇಕು. ನಾಲ್ಕನೆಯ ದಿನಕ್ಕೆ ಅವರು ಕೇಳಿದರು:

“ಈತಗ ಕೆಲಸ ಏನಂದ್ರಿ?”

“ಪ್ರೊಫೆಸರು. ಪಾಠ ಹೇಳ್ತಾನೆ.”

“ನಾಕು ದಿನ ಆತು, ಒಂದಿನಾನೂ ಸಾಲಿಗಿ ಹೋಗ್ಲಿಲ್ಲಲ್ರಿ?”

ಕಾಸಿಂ ಸಾಬರು ತಂತಿಯಿಂದ ತಲೆಯೆತ್ತದೆ ಅಂದರು, “ಸಸ್ಪೆಂಡ್ ಆಗಿರಬೇಕು ಬಿಡು ಓಬಕ್ಕ. ಮುಂದ ಬರ್ತೈತಿ.”

“ಅದಕ್ಕ ಹಂಗ ಕಿಟಕ್ಯಾಗ ನೋಡ್ಕೋತ ನಿಂತಾನ ಪಾಪ.”

“ಪಾಪ ಎಂತಾದ್ದು? ಐದು ಸಲ ಛಾ ಕುಡುದ. ಒಂದ್ಸಲ ಯಾರಿಗಾರ ನೀ ಕುಡೀತಿಯೇನು ಅಂದ್ನಾ?”

ಈ ಮಾತುಗಳನ್ನು ಸ್ವಲ್ಪ ಇಸ್ತ್ರಿ ಮಾಡಿ ನನ್ನದೆಂಬಂತೆ ನಿಮಗೆ ಬರೆದು ಕಳಿಸಿದ್ದೆ. ‘ಪಾತ್ರದ ಸಾಮಾಜಿಕ ಹೊಣೆಗೇಡಿತನದ ಬಗ್ಗೆ ಹೊಸ ಒಳನೋಟ’ ಎಂದು ನೀವು ಮೆಚ್ಚಿ ಉತ್ತರಿಸಿದಿರಿ. ಆ ಮೆಚ್ಚುಗೆಯನ್ನು ಈ ಮೂಲಕ ಹಕ್ಕುದಾರರಿಗೆ ವರ್ಗಾಯಿಸುತ್ತಿದ್ದೇನೆ. ಅಂದಿನಿಂದ ನಾನು ಗಡಿಯಾರ ನೋಡುವುದು ಕಡಿಮೆಯಾಯಿತು. ಮಧ್ಯಾಹ್ನ ಮೂರಕ್ಕೆ ಕಟ್ಟೆಗೆ ಹೋಗದಿದ್ದರೆ ಕಾಸಿಂ ಸಾಬರು ಒಳಗೆ ಇಣುಕಿ “ಮೈಯಾಗ ಆರಾಮದೀರಿಲ್ರಿ?” ಎನ್ನುತ್ತಿದ್ದರು. ಮೈಸೂರಿನಲ್ಲಿ ನಾನು ನಾಲ್ಕು ದಿನ ಹೊರಬರದಿದ್ದರೆ ಗೊತ್ತಾಗುತ್ತಿದ್ದದ್ದು ಹಾಲಿನವನಿಗೆ ಮಾತ್ರ.

ಶ್ರಾವಣದ ಹೊತ್ತಿಗೆ ಸಭೆಗೆ ಮೂರನೆಯವಳು ಸೇರಿದಳು. ಓಬಮ್ಮನ ಮಗಳು ಮಂಜುಳ, ಇಪ್ಪತ್ತಾರು ವರ್ಷದವಳು. ಹರಪನಹಳ್ಳಿ ಕಡೆಯ ಚಿಗಟೇರಿಗೆ ಕೊಟ್ಟಿದ್ದರು. ಎಂಟು ದಿನಕ್ಕೆಂದು ಬಂದವಳು ಎರಡು ತಿಂಗಳಾದರೂ ಹೋಗಲಿಲ್ಲ. ಗಂಡ ಕುಡಿಯುವವನಲ್ಲ, ಹೊಡೆಯುವವನೂ ಅಲ್ಲ. “ಆತ ಏನೂ ಅನ್ನಲ್ರಿ” ಎಂದೇ ಅವಳು ಸರೋಜಳ ಹತ್ತಿರ ಹೇಳಿದ್ದು. ಅವನ ತಾಯಿ ಸೊಸೆಯ ಫೋನು ಇಟ್ಟುಕೊಂಡಾಗ ಏನೂ ಅನ್ನಲಿಲ್ಲ. ಜ್ವರದಲ್ಲಿದ್ದವಳನ್ನು ಹೊಲಕ್ಕೆ ಕಳಿಸಿದಾಗ ಏನೂ ಅನ್ನಲಿಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವಳು ಮುಂದೆ ಓದುತ್ತೇನೆಂದಾಗ ನಕ್ಕನಂತೆ, ಏನೂ ಅನ್ನದೆ.

ಸರೋಜಳಿಗೆ ಹುಡುಗಿ ಕಂಡರೆ ಆಯಿತು, ಪಾಠ ಹೇಳದೆ ಇರಲಾರಳು. ಸಂಜೆ ಅವಳನ್ನು ಮನೆಗೆ ಕರೆದು ಇಂಗ್ಲಿಷ್ ವ್ಯಾಕರಣ ಶುರುಮಾಡಿದಳು. ದಾವಣಗೆರೆಯ ಒಂದು ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿಸಿದಳು. ಸೀಟು ಸಿಕ್ಕಿತು. ಮುಂದಿನ ಸೋಮವಾರದೊಳಗೆ ಹೋಗಿ ಸೇರಬೇಕಿತ್ತು. ಮಂಜುಳ ಹೋಗಲು ತಯಾರಿದ್ದಳು, ಅವ್ವ ಹ್ಞೂಂ ಅಂದರೆ. ಓಬಮ್ಮ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲೂ ಇಲ್ಲ. ಅಣ್ಣತಮ್ಮಂದಿರು, ದೊಡ್ಡಪ್ಪ, ಓಣಿಯ ಹಿರಿಯರು ಎಲ್ಲರೂ ಒಂದೇ ಮಾತು ಹೇಳಿದ್ದರು: ಹೆಣ್ಣುಮಗಳು ಹೋಗಿ ಬಾಳ್ವೆ ಮಾಡಲಿ.

ಆ ದಿನಗಳಲ್ಲಿ ಕಟ್ಟೆಯಲ್ಲಿ ಓದುತ್ತಿದ್ದದ್ದು ನಿಮ್ಮ ಹತ್ತರಲ್ಲಿ ಏಳನೆಯ ಕಾದಂಬರಿ. ಹೆಸರು ಬರೆಯುವುದಿಲ್ಲ. ಅದಕ್ಕೆ ನಾನು ಮಾಡಿದ ಅನ್ಯಾಯ ಬರೆದವರಿಗೆ ತಿಳಿಯದಿರುವುದೇ ಮೇಲು. ವಿಶಾಲಾಕ್ಷಿ ಎಂಬವಳು ಗಂಡನ ಮನೆ ಬಿಟ್ಟು ತಾಯಿಯ ಹತ್ತಿರ ಬಂದು ಹೊಲಿಗೆ ಯಂತ್ರವಿಟ್ಟುಕೊಂಡು ಬದುಕತೊಡಗುತ್ತಾಳೆ. ಹಿರಿಯರು ಬಂದು ಕರೆಯುತ್ತಾರೆ. ಅವಳು ಹೋಗುತ್ತಾಳೆ. ಪುಸ್ತಕವನ್ನು ಆರಿಸಿದ್ದು ಬೇಕೆಂದಲ್ಲ, ಅಟ್ಟಿಯಲ್ಲಿ ಅದರ ಸರದಿ ಬಂದಿತ್ತು. ಆದರೆ ಎರಡನೆಯ ದಿನಕ್ಕೇ ಓಬಮ್ಮ ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುವುದನ್ನು ಮರೆತು ಕೂತರು.

“ಹಿಂದ ನಾನೂ ಭಾಳ ಕಥಿ ಕೇಳೀನ್ರಿ,” ಎಂದು ಅವರು ಒಮ್ಮೆ ಹೇಳಿದರು. “ಬಾಯಿ ಮಾತು ಹೇಳಾರ ಬಾಯಾಗ ಹೊರಳ್ತೈತಿ. ನಮ್ಮವ್ವ ಒಂದೇ ಕಥಿ ಮೂರು ಸಲ ಮೂರು ನಮೂನಿ ಹೇಳ್ತಿದ್ಳು. ಅಚ್ಚು ಹಾಕಿದ್ದು ಹಂಗಲ್ಲ. ಅದು ಹೊರಳಲ್ಲ.”

ನಾನು ಅಂದು ನನ್ನ ವೃತ್ತಿಯ ಪರವಾಗಿ ಆ ಗೌರವವನ್ನು ತಲೆಬಾಗಿ ಸ್ವೀಕರಿಸಿದೆ.

ಕೊನೆಯ ಅಧ್ಯಾಯವನ್ನು ಬೆಳಿಗ್ಗೆಯೇ ಒಬ್ಬನೇ ಓದಿಕೊಂಡಿದ್ದೆ. ಹಿಂದಿರುಗಿದ ಆರು ತಿಂಗಳಿಗೆ ವಿಶಾಲಾಕ್ಷಿಗೆ ಜ್ವರ ಬರುತ್ತದೆ. ಯಾರೂ ವೈದ್ಯರನ್ನು ಕರೆಯುವುದಿಲ್ಲ. ಸಂತೆಗೆ ಹೊರಟವರೊಬ್ಬರ ಕೈಯಲ್ಲಿ ತಾಯಿಗೆ ಸುದ್ದಿ ಹೇಳಿ ಕಳಿಸುತ್ತಾರೆ. ಸುದ್ದಿ ಮೂರು ದಿನಕ್ಕೆ ಮುಟ್ಟುತ್ತದೆ. ತಾಯಿ ಓಡಿ ಬಂದಾಗ ಆ ಮನೆಯ ಹೊಸ್ತಿಲನ್ನು ತೊಳೆದು ರಂಗೋಲಿ ಹಾಕಿಯಾಗಿರುತ್ತದೆ. ಅಷ್ಟೇ. ನಾನು ಪುಸ್ತಕ ಮುಚ್ಚಿ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಈ ಕಾದಂಬರಿಕಾರರಿಗೆ ಹೆಂಗಸರನ್ನು ಕೊಲ್ಲಲು ಎಷ್ಟು ಅವಸರ ಎಂದು ಸಿಟ್ಟು ಬಂತು. ಮೂವತ್ತೆರಡು ವರ್ಷ ಎಷ್ಟು ಜನ ಸತ್ತಿದ್ದರೋ ನನ್ನ ಕೈಯಲ್ಲಿ, ಒಬ್ಬಳಿಗೂ ಅತ್ತವನಲ್ಲ.

ಮಧ್ಯಾಹ್ನ ಓಬಮ್ಮ ಮೂರಕ್ಕೆ ಮುಂಚೆಯೇ ಬಂದರು. ಕೈಯಲ್ಲಿ ಮೊರವಿರಲಿಲ್ಲ, ಬಳ್ಳಿಯಿರಲಿಲ್ಲ. ಅವರ ಕೈ ಖಾಲಿ ಇದ್ದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

“ಇವತ್ತು ಮುಗಿಸಿಬಿಡ್ರಿ ಅಣ್ಣಾರ. ನಾಳಿ ನಂಗ ಪುರಸೊತ್ತಿರಲ್ಲ.”

ಏಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮಂಜುಳ ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ಕಾಯಿ ಬಿಡಿಸುತ್ತಿದ್ದಳು. ಓದಿದೆ. ಜ್ವರ ಬಂದ ಕಡೆಗೆ ಬಂದೆ. ಓಬಮ್ಮ ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡರು. ಹ್ಞೂಂ ಎನ್ನುವುದು ನಿಂತಿತು. ಅದೇ ವಾಕ್ಯವನ್ನು ಮತ್ತೊಮ್ಮೆ ಓದಿದೆ. ಆಗಲೂ ಇಲ್ಲ. ಕಣ್ಣು ನನ್ನ ಮೇಲೆ ನೆಟ್ಟಿತ್ತು.

ಮಹಾಶಯರೇ, ಆ ಮುಖಕ್ಕೆ ತೊಳೆದ ಹೊಸ್ತಿಲನ್ನು ತೋರಿಸಲು ನನ್ನಿಂದ ಆಗಲಿಲ್ಲ. ಪುಟದ ಮೇಲೆ ದೃಷ್ಟಿಯಿಟ್ಟೇ, ನಾಲ್ಕನೆಯ ದಿನಕ್ಕೆ ಜ್ವರ ಬಿಟ್ಟಿತು ಎಂದು ಓದಿದೆ. ಗಂಡನೇ ಸೈಕಲ್ ತುಳಿದು ವೈದ್ಯರನ್ನು ಕರೆತಂದ. ಅತ್ತೆ ಹಾಸಿಗೆಯ ಪಕ್ಕ ಕೂತು ಗಂಜಿ ಕುಡಿಸಿದಳು, ಆ ರಾತ್ರಿ ಸೊಸೆಯ ಕೈ ಹಿಡಿದು ಕಣ್ಣೀರಿಟ್ಟಳು. ಹೊಲಿಗೆ ಯಂತ್ರವನ್ನು ಒಳ್ಳೆಯ ಬೆಳಕಿನ ಕಿಟಕಿಯ ಹತ್ತಿರ ಇಟ್ಟರು. ಆ ಮನೆಗೆ ಅಂತಹ ಕಿಟಕಿಯೇ ಇರಲಿಲ್ಲ. ಅದನ್ನೂ ನಾನೇ ಕೊರೆದೆ. ಒಂದು ಮಾತನ್ನೂ ಬದಲಿಸದವನೆಂಬ ಮೂವತ್ತೆರಡು ವರ್ಷದ ಕೀರ್ತಿ ಎಂಟು ನಿಮಿಷದಲ್ಲಿ ಮುಗಿಯಿತು. ನನಗೆ ಆಗ ಹಾಗೆ ಅನ್ನಿಸಲಿಲ್ಲ. ಬಹಳ ದೊಡ್ಡ ಪರೋಪಕಾರ ಮಾಡಿದಂತೆ ಅನ್ನಿಸಿತು.

“ಭೇಷ್. ಬರದಾತ ಒಳ್ಳೆ ಮನಷ್ಯಾ ಅದಾನ,” ಎಂದರು ಕಾಸಿಂ ಸಾಬರು.

ಓಬಮ್ಮ ಉಸಿರು ಬಿಟ್ಟರು. “ಅಂದ್ರ, ಹೋಗಿದ್ದು ಚಲೋ ಆತು ಆಕಿಗೆ.”

“ಹೌದಮ್ಮ. ಒಳ್ಳೇದೇ ಆಯ್ತು.”

ಮಂಜುಳ ತಲೆಯೆತ್ತಿ ಒಮ್ಮೆ ಪುಸ್ತಕವನ್ನು ನೋಡಿದಳು, ಒಮ್ಮೆ ನನ್ನನ್ನು. ಅವಳಿಗೂ ಸಂತೋಷವಾಗಿದೆ ಎಂದುಕೊಂಡೆ.

ಸಂಜೆ ಸರೋಜ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. “ಏನ್ರೀ, ಓಬಮ್ಮ ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ರು. ನಾಳೆ ಬೆಳಿಗ್ಗೆ ಚಿಗಟೇರಿಯವರು ಬರ್ತಾರಂತೆ. ಕಳಿಸಿಕೊಡ್ತಾರಂತೆ. ‘ಹೋದಾಕಿ ಬಾಳ್ಯಾಳ ಮೇಡಂ, ಪುಸ್ತಕದಾಗ ಐತಿ’ ಅಂದ್ರು. ಯಾವ ಪುಸ್ತಕ?”

ತೋರಿಸಿದೆ. ಅವಳು ಅದನ್ನು ಹಿಂದೆಯೇ ಓದಿದ್ದಳು.

“ಇದರಲ್ಲಿ ಸತ್ತುಹೋಗ್ತಾಳಲ್ಲ ಅವಳು.”

ನಾನು ಮಾಡಿದ್ದನ್ನು ಹೇಳಿದೆ. ಸರೋಜ ಕೂತಳು. “ಈಗಲೇ ಹೋಗಿ ಹೇಳಿ,” ಎಂದಳು. “ನಾನು ಹೇಳಿದರೆ ಮೇಡಂ ಸೀಟಿನ ಆಸೆಗೆ ಹೇಳ್ತಾರೆ ಅಂತಾರೆ. ಓದಿದವರು ನೀವು. ನೀವೇ ಹೇಳಬೇಕು.”

“ಬೆಳಿಗ್ಗೆ ಹೇಳ್ತೀನಿ ಕಣೆ. ಈಗ ಅವರ ಮನೆ ತುಂಬ ಜನ ಇದ್ದಾರೆ.”

ಜನ ಇದ್ದದ್ದು ನಿಜ. ಆದರೆ ಅದು ಕಾರಣವಲ್ಲ. ಅಚ್ಚಾದದ್ದು ಹೊರಳುವುದಿಲ್ಲ ಎಂದು ನಂಬಿದ ಹೆಂಗಸಿನ ಮುಂದೆ, ಅಚ್ಚಿನವನಾದ ನಾನೇ ಹೊರಳಿಸಿದೆ ಎನ್ನುವ ನಾಚಿಕೆಯನ್ನು ಒಂದು ರಾತ್ರಿ ಮುಂದೂಡಿದೆ.

ಬೆಳಿಗ್ಗೆ ಎದ್ದು, ಕ್ಷೌರ ಮಾಡಿಕೊಂಡು, ಮಾತುಗಳನ್ನು ಮನಸ್ಸಿನಲ್ಲಿ ಮೂರು ಸಲ ಜೋಡಿಸಿಕೊಂಡು ಹೊರಗೆ ಬಂದರೆ ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು ಕೂತು ಚಹಾ ಕುಡಿಯುತ್ತಿದ್ದರು. ಚಿಗಟೇರಿಯ ಗಾಡಿ ಬೇಗನೆ ಬಂದಿತ್ತು. “ಬರ್ರಿ ಸರ, ಛಾ ತಗೋರಿ,” ಎಂದು ಒಬ್ಬರು ಜಾಗ ಮಾಡಿಕೊಟ್ಟರು. ಕೂತೆ. ಕಪ್ಪು ಕೈಗೆ ಬಂತು. ಓಬಮ್ಮ ಬಾಗಿಲಲ್ಲಿ ನಿಂತು ನನ್ನನ್ನು ತೋರಿಸಿದರು.

“ಇವ್ರು ಮೈಸೂರವ್ರು. ಭಾಳ ಓದ್ಯಾರ. ಇವ್ರ ಪುಸ್ತಕದಾಗೂ ಹಂಗ ಐತಿ, ಹೋದಾಕಿ ಸುಖವಾಗಿ ಅದಾಳ.”

“ನೋಡವಾ ಮತ್ತ,” ಎಂದರು ಹಿರಿಯರಲ್ಲೊಬ್ಬರು. “ಓದಿದವ್ರೂ ಅದನ್ನ ಹೇಳ್ತಾರ. ಹೌದಲ್ರಿ ಸರ?”

ಎಲ್ಲರೂ ನನ್ನ ಕಡೆ ನೋಡಿದರು. ಮಂಜುಳ ಒಳಗಿನಿಂದ ಸೂಟ್‌ಕೇಸ್ ಹಿಡಿದು ಬಂದು ನಿಂತಿದ್ದಳು. ಅವಳೂ ನೋಡಿದಳು. ಇಲ್ಲ ಎನ್ನಲು ಎರಡು ಅಕ್ಷರ ಸಾಕಿತ್ತು.

“ಹ್ಞಾ,” ಎಂದೆ. ಆಮೇಲೆ ಚಹಾ ಕುಡಿದೆ. ಸಕ್ಕರೆ ಜಾಸ್ತಿ ಹಾಕಿದ್ದರು.

ಸೋಮವಾರ ಹೋಯಿತು, ಸೀಟೂ ಹೋಯಿತು. ಸರೋಜ ನನ್ನನ್ನು ಬಯ್ಯಲಿಲ್ಲ. ಅವಳು ಬಯ್ಯದಿರುವುದನ್ನು ನೀವು ಕಂಡಿಲ್ಲವಾದ್ದರಿಂದ ಅದರ ತೂಕ ನಿಮಗೆ ತಿಳಿಯುವುದಿಲ್ಲ. ಓಬಮ್ಮ ನನ್ನನ್ನು ಮೊದಲಿಗಿಂತ ಹೆಚ್ಚು ಮಾನಿಸತೊಡಗಿದರು, ಅದು ಇನ್ನೂ ಕಷ್ಟವಾಯಿತು. ರೊಟ್ಟಿ ಬಡಿದ ದಿನ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಬರುತ್ತಿತ್ತು. ವಾರಕ್ಕೊಮ್ಮೆ ಕೇಳುತ್ತಿದ್ದರು: “ವಿಶಾಲಾಕ್ಷಿ ಮುಂದ ಏನಾದ್ಳು ಅಂತ ಇನ್ನೊಂದು ಪುಸ್ತಕ ಬಂದಿಲ್ಲೇನ್ರಿ? ಮಕ್ಕಳು ಮರಿ ಆದ್ವೇನು?” ಇನ್ನೂ ಬಂದಿಲ್ಲಮ್ಮ ಎನ್ನುತ್ತಿದ್ದೆ. ಮಗಳ ಫೋನು ಬಂದರೆ ಓಬಮ್ಮ ಅದನ್ನು ಗಟ್ಟಿಯಾಗಿ ಕೇಳುವಂತೆ ಇಡುತ್ತಿದ್ದರು. “ಆರಾಮದೀನವ್ವ.” ಪ್ರತಿ ಸಲ ಅದೇ ಮಾತು, ಅದೇ ಅಳತೆ, ಹಿಂದೆ ಯಾರೋ ಕೆಮ್ಮುವ ಸದ್ದು.

ಕಟ್ಟೆಯಲ್ಲಿ ಶೇಂಗಾ ಮುಗಿದು ಹುಣಸೆಹಣ್ಣು ಬಂತು. ಸಣ್ಣ ಸುತ್ತಿಗೆಯಿಂದ ಕುಟ್ಟಿ ಬೀಜ ಬೇರೆ ಮಾಡುವ ಕೆಲಸ. ಆ ದಿನಗಳಲ್ಲೇ ಚಿಕ್ಕಮ್ಮನ ಮಗಳ ಸೀಮಂತಕ್ಕೆಂದು ಮಂಜುಳ ಗಂಡನೊಂದಿಗೆ ಬಂದಳು. ಬಂದದ್ದು ಅರ್ಧ ದಿನಕ್ಕೆ. ಹೊರಡುವ ಮುಂಚೆ ಸರೋಜಳ ವ್ಯಾಕರಣ ಪುಸ್ತಕ ಕೊಟ್ಟು ಹೋಗಲು ನಮ್ಮ ಮನೆಗೆ ಬಂದಳು. ಸರೋಜ ಶಾಲೆಯಲ್ಲಿದ್ದಳು. ಗಂಡ ಹೊರಗೆ ಕಾಸಿಂ ಸಾಬರ ಅಂಗಡಿಯಲ್ಲಿ ಬಿಚ್ಚಿದ ಮೋಟರೊಂದನ್ನು ನೋಡುತ್ತ ನಿಂತಿದ್ದ. ಮಂಜುಳ ಇಳಿದುಹೋಗಿದ್ದಳು. ಕೂರಲಿಲ್ಲ.

“ಸರ, ಆ ಕಾದಂಬರಿ ಐತೇನ್ರಿ?”

“ಇದೆ. ಯಾಕಮ್ಮ?”

“ಅದನ್ನ ನಾನು ಮೊದ್ಲ ಓದಿದ್ದೆ. ಇಂಗ್ಲಿಷ್ ಹೇಳಿಸ್ಕೊಳ್ಳಾಕ ಬರ್ತಿದ್ನಲ್ರಿ, ಆಗ ನಿಮ್ಮ ಅಟ್ಟಿಯಾಗಿಂದ ತಗೊಂಡು ಎರಡು ದಿನದಾಗ ಓದಿ ಇಟ್ಟಿದ್ದೆ.”

ನಾನು ಪುಸ್ತಕದ ಅಟ್ಟಿಯ ಕಡೆ ನೋಡಿದೆ.

“ಕಡೀ ದಿನ ನಿಮ್ಮ ಮಗ್ಗಲಾಗೇ ಕುಂತಿದ್ದೆ. ನೀವು ಹಾಳಿ ತಿರುವಲೇ ಇಲ್ರಿ. ಒಂದೇ ಹಾಳಿ ಹಿಡಕೊಂಡು ಅಷ್ಟೊಂದು ಓದಿದ್ರಿ.” ಅವಳ ದನಿಯಲ್ಲಿ ಕೋಪವಿರಲಿಲ್ಲ. ಲೆಕ್ಕ ಒಪ್ಪಿಸುವವಳಂತೆ ಹೇಳಿದಳು. “ಆಗ ನಂಗ ಏನನ್ನಿಸ್ತಂದ್ರ, ಸರ ಸುಮ್ಕ ಸುಳ್ಳು ಓದಾರಲ್ಲ. ಓದಾಕತ್ತಾರಂದ್ರ, ನಾನು ಹೋಗೋದು ಚಲೋ ಅಂತ ಇವ್ರಿಗೂ ಅನ್ನಿಸೈತಿ. ಎಲ್ರೂ ಹೋಗು ಅಂದಿದ್ರು. ಮೇಡಂ ಒಬ್ರು, ನೀವೊಬ್ರು ಉಳಿದಿದ್ರಿ. ಮರುದಿನ ಕಟ್ಟಿ ಮ್ಯಾಲೆ ಹ್ಞಾ ಅಂದ್ರಿ.”

“ಇಲ್ಲಮ್ಮ. ನಾನು ಹಾಗೆ... ನಿಮ್ಮಮ್ಮನ ಮುಖ ನೋಡೋಕಾಗದೆ ಹಾಗೆ ಓದಿದೆ. ನೀನು ಹೋಗಬೇಕು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.”

“ಹೌದೇನ್ರಿ,” ಎಂದಳು. ಹೊರಗಿನಿಂದ ಗಂಡ ಕೆಮ್ಮಿದ. ವ್ಯಾಕರಣ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದಳು.

ಮಾರನೆಯ ದಿನ ಮಧ್ಯಾಹ್ನ ಕಾದಂಬರಿಯನ್ನು ಹಿಡಿದು ಕಟ್ಟೆಗೆ ಹೋಗಿ, ನಿಂತುಕೊಂಡೇ ಓಬಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಹುಣಸೆಹಣ್ಣು ಕುಟ್ಟುವುದನ್ನು ನಿಲ್ಲಿಸಲಿಲ್ಲ.

“ಸತ್ತಾಳೇನ್ರಿ ಹಂಗಾದ್ರ?”

“ಸತ್ತಿದ್ದಾಳೆ.”

“ನೀವು ಓದಿದ ದಿನಾನೂ ಸತ್ತಿದ್ಳಾ?”

“ಹೌದಮ್ಮ.”

ನಾಲ್ಕೈದು ಹಣ್ಣು ಕುಟ್ಟಿದರು. “ಖರೇದು ಓದ್ರಿ,” ಎಂದರು.

ಓದಿದೆ. ಜ್ವರ, ಸಂತೆಯ ದಾರಿಯ ಸುದ್ದಿ, ಮೂರು ದಿನ, ತೊಳೆದ ಹೊಸ್ತಿಲು. ಒಂದು ಮಾತನ್ನೂ ಬಿಡಲಿಲ್ಲ. ವಾಕ್ಯಕ್ಕೊಮ್ಮೆ ಅವರು ಹ್ಞೂಂ ಎಂದರು, ಕೊನೆಯದಕ್ಕೂ. ಕಾಸಿಂ ಸಾಬರು ತಂತಿ ಬಿಟ್ಟು ಒಳಗೆ ಹೋದರು. ಓಬಮ್ಮ ಸುತ್ತಿಗೆ ಕೆಳಗಿಟ್ಟು, ಹುಣಸೆ ಅಂಟಿದ ಕೈಯನ್ನು ನೋಡಿಕೊಳ್ಳುತ್ತ ಹೇಳಿದರು:

“ನಂಗ ಓದಾಕ ಬರಲ್ರಿ ಅಣ್ಣಾರ. ನಿಮಗ ಬರ್ತಿತ್ತಲ್ಲ.”

ಅಷ್ಟೇ ಅಂದದ್ದು. ಈ ಒಂದು ವರ್ಷದಲ್ಲಿ ನಾನು ಓದಿದ ಹತ್ತು ಕಾದಂಬರಿಗಳಲ್ಲಿ ಯಾರೂ ಯಾರಿಗೂ ಅಂಥ ಮಾತು ಹೇಳಿಲ್ಲ. ನನ್ನ ಅನಿಸಿಕೆಯೆಂದರೆ ಇದೇ.

ಆ ವಾರವೇ ಅವರು ಬಸ್ಸು ಹತ್ತಿ ಚಿಗಟೇರಿಗೆ ಹೋದರು. ಎರಡನೆಯ ದಿನ ಹಿಂದಿರುಗಿದರು, ಒಬ್ಬರೇ. ನೇರ ನಮ್ಮ ಮನೆಗೆ ಬಂದು, ಸೀರೆಯ ಮಡಿಕೆಯೊಳಗಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಕಾಗದ ತೆಗೆದು ಸರೋಜಳ ಕೈಗಿಟ್ಟರು. ಮಂಜುಳಳ ಪಿಯುಸಿ ಅಂಕಪಟ್ಟಿ.

“ಬಾ ಅಂದೆ. ಈಗ ಬಂದು ಏನ್ ಮಾಡ್ಲವ್ವ, ಅಂದ್ಳು. ಬರಾಗ ನೀರು ತರಾ ನೆಪದಾಗ ಹಿಂದ ಬಂದು ಇದನ್ನ ಕೊಟ್ಟಾಳ. ಮೇಡಮ್ಮಾರ ಹಂತ್ಯಾಕ ಇರ್ಲಿ ಅಂದಾಳ. ಹೊಸಾ ಫಾರಂ ಬಿಟ್ರ ತುಂಬ್ರಿ. ಅಷ್ಟತ್ತಿಗೆ ನಾನು ಮತ್ತ ಹೋಗಿ ಕೇಳ್ತೀನಿ.” ಈ ಮಾತುಗಳನ್ನೆಲ್ಲ ಸರೋಜಳಿಗೇ ಹೇಳಿದರು. ನಾನು ಅಲ್ಲೇ ಇದ್ದೆ.

ಮೇ ತಿಂಗಳ ಕೊನೆಗೆ ಸರೋಜಳ ನಿವೃತ್ತಿ. ನಮ್ಮ ಮೈಸೂರಿನ ಮನೆಯ ಬಾಡಿಗೆದಾರರು ಬಿಡಬೇಕೋ ಇರಬೇಕೋ ಎಂದು ಎರಡು ಸಲ ಕೇಳಿದ್ದಾರೆ. ಶನಿವಾರದ ಕೂಟದಲ್ಲಿ ನನ್ನ ಕುರ್ಚಿಯನ್ನು ಖಾಲಿ ಬಿಟ್ಟಿದ್ದೀರೆಂದು ನೀವು ಬರೆದಿದ್ದೀರಿ. ಕೃತಜ್ಞ. ಆ ಕುರ್ಚಿಯಲ್ಲಿ ಕೂತು ನಾನು ಯಾವ ಕಾದಂಬರಿಯ ಬಗ್ಗೆ ಏನು ಹೇಳಿದರೂ ಯಾರ ಮನೆಯ ಹೆಂಚೂ ಅಲುಗುವುದಿಲ್ಲ. ಕಾಫಿ ಬರುತ್ತದೆ, ಕುಡಿದು ಎದ್ದು ಹೋಗಬಹುದು. ಆ ನೆಮ್ಮದಿ ನನಗೆ ಈಗ ಬಹಳ ಬೇಕಾಗಿದೆ, ಬೇಕಾಗಿರುವುದಕ್ಕೆ ನಾಚಿಕೆಯೂ ಆಗುತ್ತದೆ. ಇಲ್ಲಿ ಉಳಿದರೆ ಉಪಕಾರವೇನಾದರೂ ಆದೀತೆಂಬ ಭ್ರಮೆ ನನಗಿಲ್ಲ. ಹೊಸ ಫಾರಂ ಬರುವುದು ಮಳೆಗಾಲ ಕಳೆದ ಮೇಲೆ. ಬಂದರೂ ಅವಳು ಬರುತ್ತಾಳೋ, ಬಿಡುತ್ತಾರೋ ಗೊತ್ತಿಲ್ಲ. ಅದನ್ನು ತುಂಬುವವಳು ಸರೋಜ, ಕರೆತರಬೇಕಾದವರು ಓಬಮ್ಮ. ನಾನು ಮಾಡಬಹುದಾದದ್ದು, ಅವತ್ತು ಕಟ್ಟೆಯ ಮೇಲೆ ಮತ್ತೆ ಹಿರಿಯರು ಕೂತು ಹೌದಲ್ರಿ ಸರ ಎಂದು ಕೇಳಿದರೆ ಅಲ್ಲಿ ಇರುವುದು, ಅಷ್ಟು.

ನಿನ್ನೆ ಸರೋಜ ಸಾಮಾನು ಕಟ್ಟಲು ಶುರುಮಾಡೋಣವೇ ಎಂದು ಕಬ್ಬಿಣದ ಪೆಟ್ಟಿಗೆ ತೆರೆದಳು. ಮೈಸೂರಿನ ಮನೆಯ ಪತ್ರಗಳು ಕೆಳಗಿದ್ದವು. ಮೇಲೆ ಮಂಜುಳಳ ಅಂಕಪಟ್ಟಿಯಿದ್ದ ಆ ಬಟ್ಟೆಯ ಸುತ್ತು.

“ಇದನ್ನೆಲ್ಲಿ ಇಡ್ಲಿ?” ಎಂದಳು.

ನಾನು ಯೋಚಿಸುತ್ತ ನಿಂತೆ. ಅವಳು ಸ್ವಲ್ಪ ಹೊತ್ತು ಕಾದು, ಅದನ್ನು ಇದ್ದಲ್ಲಿಯೇ ಇಟ್ಟು ಪೆಟ್ಟಿಗೆ ಮುಚ್ಚಿದಳು.